ಒಂದು ಗುಂಟೆಯಲ್ಲಿ ವಾಸ್ತವ ಸಂಖ್ಯೆಗಳು

ಸ್ವಾಭಾವಿಕ, ಪೂರ್ಣ, ಪೂರ್ಣಾಂಕ, ಭಾಗಲಬ್ಧ, ಅಭಾಗಲಬ್ಧ. ಶಾಲೆಯಲ್ಲಿ ಈ ಐದು ಹೆಸರನ್ನು ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದ ಮೇಲೆ ಎಲ್ಲ ಕಲಸಿಹೋಯಿತು. ಈಗ ಮತ್ತೆ ಓದಲು ಕೂತಾಗ ಅವು ಗಟ್ಟಿಯಾಗಿ ತಲೆಗೆ ಇಳಿದಿದ್ದು ಮಂಡ್ಯದ ಹತ್ತಿರ ನಮ್ಮ ಗದ್ದೆಯಲ್ಲಿ, ಅಪ್ಪನ ಜೊತೆ ಟೇಪ್ ಹಿಡಿದ ದಿನ. ಅದಕ್ಕೇ ಈ ಟಿಪ್ಪಣಿಯ ಉದಾಹರಣೆಗಳೆಲ್ಲ ಹೆಚ್ಚುಕಮ್ಮಿ ಜಮೀನಿನ ಲೆಕ್ಕವೇ.

ಸುಲಭದ್ದನ್ನು ಬೇಗ ಮುಗಿಸೋಣ. ತೆಂಗಿನಕಾಯಿ ಎಣಿಸುವ 1, 2, 3... ಸ್ವಾಭಾವಿಕ ಸಂಖ್ಯೆಗಳು. ಜೊತೆಗೆ ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು. ಋಣ ಸಂಖ್ಯೆಗಳೂ ಸೇರಿದರೆ ಪೂರ್ಣಾಂಕಗಳು. ಋಣ ಅಂದರೆ ಸಾಲ, ಧನ ಅಂದರೆ ಇರುವ ಹಣ. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ ಈ ಮಾತುಗಳಲ್ಲೇ ಕೂಡುವ, ಕಳೆಯುವ ನಿಯಮ ಬರೆದಿದ್ದ. p/q ರೂಪದಲ್ಲಿ ಬರೆಯಲು ಬರುವುದೆಲ್ಲ ಭಾಗಲಬ್ಧ. p, q ಎರಡೂ ಪೂರ್ಣಾಂಕ ಆಗಿರಬೇಕು, q ಸೊನ್ನೆ ಆಗಬಾರದು, ಅಷ್ಟೆ. ಇವು ಬೇರೆ ಬೇರೆ ಡಬ್ಬಿಗಳಲ್ಲ, ಒಂದರೊಳಗೊಂದು ಇಟ್ಟ ಡಬ್ಬಿಗಳು. 7 ಸ್ವಾಭಾವಿಕವೂ ಹೌದು, ಪೂರ್ಣವೂ ಹೌದು, ಪೂರ್ಣಾಂಕವೂ ಹೌದು, 7/1 ಅಂತ ಬರೆದರೆ ಭಾಗಲಬ್ಧವೂ ಹೌದು. ಸಂಖ್ಯಾರೇಖೆಯ ಮೇಲಿದ್ದೂ ಹೀಗೆ p/q ರೂಪದಲ್ಲಿ ಬರೆಯಲು ಬಾರದ್ದು ಅಭಾಗಲಬ್ಧ. ಭಾಗಲಬ್ಧ, ಅಭಾಗಲಬ್ಧ ಎರಡೂ ಸೇರಿದರೆ ವಾಸ್ತವ ಸಂಖ್ಯೆಗಳು.

ಭಾಗಲಬ್ಧ ಸಂಖ್ಯೆಯನ್ನು ದಶಮಾಂಶದಲ್ಲಿ ಬರೆದರೆ ಅದು ಎಲ್ಲೋ ಒಂದು ಕಡೆ ಮುಗಿಯುತ್ತದೆ, ಇಲ್ಲವೇ ಅದೇ ಅಂಕಿಗಳು ತಿರುಗಿ ತಿರುಗಿ ಬರುತ್ತವೆ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಗರಿಷ್ಠ ಮಟ್ಟ 124.80 ಅಡಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು 624/5, ಮುಗಿಯುವ ದಶಮಾಂಶ. ಗುಂಟೆಗೆ 16 ಆಣೆ, ಹಾಗಾಗಿ ಒಂದು ಆಣೆ ಅಂದರೆ 1/16 ಗುಂಟೆ, ಅಂದರೆ 0.0625. ಇದೂ ಮುಗಿಯುತ್ತದೆ. ಒಂದು ಗುಂಟೆಯನ್ನು ಮೂವರಿಗೆ ಹಂಚಿದರೆ 0.333..., ಮುಗಿಯುವುದಿಲ್ಲ. ಮೊದಲೇ ಹೇಳುವುದು ಹೇಗೆ? ಭಿನ್ನರಾಶಿಯನ್ನು ಪೂರ್ತಿ ಸಂಕ್ಷೇಪಿಸಿ. ಆಮೇಲೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮುಗಿಯುತ್ತದೆ. ಸಂಕ್ಷೇಪಿಸದೆ ನೋಡಿದರೆ 9/12ರಲ್ಲಿ ತಪ್ಪುತ್ತೀರಿ. ಅದು 3/4, ಅಂದರೆ 0.75.

ಇಲ್ಲೇ ಇನ್ನೊಂದು ಮಾತು. ಪಹಣಿಯಲ್ಲಿ 2-20 ಅಂತ ಇದ್ದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು 2.5 ಎಕರೆ, 2.20 ಅಲ್ಲ. ನಾನು ಒಮ್ಮೆ ಕ್ಯಾಲ್ಕುಲೇಟರಿನಲ್ಲಿ 2.20 ಅಂತಲೇ ಒತ್ತಿ ಲೆಕ್ಕ ಮಾಡಿಬಿಟ್ಟಿದ್ದೆ. 100 ಗುಂಟೆ 88 ಆಗಿತ್ತು. 12 ಗುಂಟೆ ಸುಮ್ನೆ ಮಾಯ! ಪಹಣಿಯ ಎಕರೆ-ಗುಂಟೆಯನ್ನು ದಶಮಾಂಶ ಅಂದುಕೊಳ್ಳಬೇಡಿ.

ಈಗ ಟೇಪ್ ಹಿಡಿದ ದಿನಕ್ಕೆ ಬರುತ್ತೇನೆ. ಭತ್ತದ ಒಟ್ಲಿಗೆ (ಸಸಿಮಡಿಗೆ) ಅಂತ ಅಪ್ಪ ನಾಲ್ಕು ಗೂಟ ಹೊಡೆದು ಒಂದು ಗುಂಟೆ ಗುರುತು ಮಾಡಿದರು. ಗುಂಟೆ ಅಂದರೆ 33 ಅಡಿಗೆ 33 ಅಡಿಯ ಚೌಕ, 1089 ಚದರ ಅಡಿ. ಮೂಲೆಗಳು ನೇರವಾಗಿವೆಯಾ ಅಂತ ನೋಡಲು ಮೂಲೆಯಿಂದ ಮೂಲೆಗೆ ಟೇಪ್ ಎಳೆದೆವು. 46 ಅಡಿ 8 ಇಂಚು ಬಂತು. ಇನ್ನೊಂದು ಕರ್ಣವೂ ಅಷ್ಟೇ. ಅಪ್ಪನ ಕೆಲಸ ಮುಗಿಯಿತು. ನನ್ನದು ಆಗ ಶುರುವಾಯಿತು.

46 ಅಡಿ 8 ಇಂಚು ಅಂದರೆ 140/3 ಅಡಿ. ಅದನ್ನು 33ರಿಂದ ಭಾಗಿಸಿದರೆ 140/99. ಪೈಥಾಗೊರಸ್ ಪ್ರಕಾರ ಅದು √2 ಆಗಬೇಕು. ಹಾಗಾದರೆ √2 ಭಾಗಲಬ್ಧವೇ? ವರ್ಗ ಮಾಡಿ ನೋಡಿದೆ. 140ರ ವರ್ಗ 19600. 99ರ ವರ್ಗದ ಎರಡರಷ್ಟು 19602. ಬರೀ ಎರಡು ಕಮ್ಮಿ! ನಿಜವಾದ ಕರ್ಣ 46.669... ಅಡಿ. ಟೇಪ್ ತೋರಿಸಿದ್ದಕ್ಕೂ ಅದಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ ಕೂಡ ಇಲ್ಲ. ಇದರಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅಭಾಗಲಬ್ಧವನ್ನು ಅಳತೆಯಿಂದ ಹಿಡಿಯಲು ಆಗುವುದಿಲ್ಲ, ಎಷ್ಟು ಒಳ್ಳೆಯ ಟೇಪ್ ತಂದರೂ. ತರ್ಕದಿಂದಲೇ ಹಿಡಿಯಬೇಕು.

ತರ್ಕ ಇಷ್ಟೇ. √2 = p/q ಅಂತಲೇ ಇಟ್ಟುಕೊಳ್ಳಿ, ಪೂರ್ತಿ ಸಂಕ್ಷೇಪಿಸಿದ್ದು. ಆಗ p² = 2q². ಬಲಗಡೆ ಸಮ ಸಂಖ್ಯೆ, ಹಾಗಾಗಿ p ಕೂಡ ಸಮ. p = 2m ಅಂತ ಹಾಕಿದರೆ 4m² = 2q², ಅಂದರೆ q² = 2m². ಈಗ q ಕೂಡ ಸಮ ಆಯಿತು. ಎರಡೂ ಸಮ ಆದರೆ ಇನ್ನೂ 2ರಿಂದ ಸಂಕ್ಷೇಪಿಸಬಹುದಿತ್ತು ಅಲ್ವಾ? ಆದರೆ ನಾವು ಪೂರ್ತಿ ಸಂಕ್ಷೇಪಿಸಿಯೇ ಶುರು ಮಾಡಿದ್ದು. ಒಂದಕ್ಕೊಂದು ಕೂಡಿಬರಲಿಲ್ಲ. ಅಂದರೆ ಅಂಥ p/q ಇಲ್ಲವೇ ಇಲ್ಲ. ಇದನ್ನು ಒಮ್ಮೆ ಪುಸ್ತಕ ಮುಚ್ಚಿ ನೀವೇ ಬರೆಯಿರಿ.

ಹಾಗಂತ ಮೂಲಚಿಹ್ನೆ ಕಂಡ ತಕ್ಷಣ ಅಭಾಗಲಬ್ಧ ಅನ್ನಬೇಡಿ. ಚೌಕದ ಜಮೀನು 4, 9, 16, 25, 36 ಗುಂಟೆ ಇದ್ದರೆ ಬದಿ 66, 99, 132, 165, 198 ಅಡಿ, ಎಲ್ಲ ಪೂರ್ಣ ಸಂಖ್ಯೆ. ಆದರೆ ಒಂದು ಎಕರೆಯ ಚೌಕಕ್ಕೆ ಬದಿ 66√10, ಸುಮಾರು 208.71 ಅಡಿ, ಅಭಾಗಲಬ್ಧ. ಹಾಗೆಯೇ 22/7 ಭಾಗಲಬ್ಧ, π ಅಭಾಗಲಬ್ಧ. ಇವೆರಡೂ ಒಂದೇ ಅಲ್ಲ. ಇನ್ನು √−4 ವಾಸ್ತವ ಸಂಖ್ಯೆಯೇ ಅಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಹೇಳಿದ್ದ. ನಮ್ಮ ನಾಡಿನ ಗಣಿತಜ್ಞ, ನೆನಪಿಟ್ಟುಕೊಳ್ಳಿ.

ಇನ್ನು ನಿಯಮಗಳು. ಕೂಡುವಾಗ, ಗುಣಿಸುವಾಗ ಸಂಖ್ಯೆಗಳ ಜಾಗ ಬದಲಿಸಬಹುದು, ಇದು ಪರಿವರ್ತನೀಯ. ಯಾವ ಎರಡನ್ನು ಮೊದಲು ಸೇರಿಸಿದರೂ ಒಂದೇ, ಇದು ಸಹವರ್ತನೀಯ. 25 × 37 × 4 ಬಂದರೆ ಈ ಎರಡೂ ನಿಯಮ ಇರುವುದರಿಂದಲೇ ಮೊದಲು 25 × 4 ಮಾಡಿ 3700 ಅನ್ನುತ್ತೇವೆ. ಕಳೆಯುವುದಕ್ಕೆ ಇವು ಹೊಂದುವುದಿಲ್ಲ. (20 − 8) − 5 ಮಾಡಿದರೆ 7, 20 − (8 − 5) ಮಾಡಿದರೆ 17. ಭಾಗಾಕಾರಕ್ಕೂ ಹೊಂದುವುದಿಲ್ಲ.

ವಿಭಾಜಕ ನಿಯಮ, ಅಂದರೆ ಆವರಣದೊಳಗಿನ ಪ್ರತಿಯೊಂದನ್ನೂ ಹೊರಗಿನ ಸಂಖ್ಯೆಯಿಂದ ಗುಣಿಸುವುದು, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ಕೆಲಸಕ್ಕೆ ಬರುತ್ತದೆ. ಕೆಜಿಗೆ 98 ರೂಪಾಯಿ, 6 ಕೆಜಿ ಬೇಕು. 600ರಲ್ಲಿ 12 ಕಳೆಯಿರಿ, 588. ಅಂದರೆ 6 × (100 − 2). ಆದರೆ ವರ್ಗಮೂಲವನ್ನು ಹೀಗೆ ಹಂಚಬಾರದು. √(9 + 16) ಕಂಡರೆ ಜಾಸ್ತಿ ಜನ 3 + 4 ಅಂತ 7 ಬರೆದುಬಿಡುತ್ತಾರೆ. ಜಮೀನಿಗೆ ತನ್ನಿ. 9 ಗುಂಟೆ ಚೌಕದ ಬದಿ 99 ಅಡಿ, 16 ಗುಂಟೆಯದು 132 ಅಡಿ, ಎರಡೂ ಸೇರಿ 231. ಆದರೆ 25 ಗುಂಟೆ ಚೌಕದ ಬದಿ 165 ಅಡಿ ಮಾತ್ರ. ಇದನ್ನು ಕಣ್ಣ ಮುಂದೆ ತಂದುಕೊಂಡ ಮೇಲೆ ನಾನು ಆ ತಪ್ಪು ಮಾಡಿಲ್ಲ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂತ ಮಹಾವೀರಾಚಾರ್ಯ ಅಂದುಕೊಂಡಿದ್ದ. ಪರೀಕ್ಷಿಸಿ ನೋಡಿ. 5 ÷ 0 = 5 ಆದರೆ 5 × 0 = 5 ಆಗಬೇಕು, ಆಗುವುದಿಲ್ಲ. ಬೇರೆ ಯಾವ ಉತ್ತರ ಇಟ್ಟರೂ ಹೀಗೇ. ಅದಕ್ಕೇ q ಸೊನ್ನೆ ಆಗಬಾರದು ಅನ್ನುವುದು.

ಕೊನೆಗೊಂದು ಲೆಕ್ಕ. ಚೌಕಾಕಾರದ ಮೂರು ಜಮೀನು: 10 ಗುಂಟೆ, 20 ಗುಂಟೆ, 40 ಗುಂಟೆ. ಮೂರರ ಬದಿಯೂ ಅಭಾಗಲಬ್ಧ. 40ರ ಬದಿಯನ್ನು 10ರ ಬದಿಯಿಂದ ಭಾಗಿಸಿ, ಆಮೇಲೆ 20ರ ಬದಿಯಿಂದ ಭಾಗಿಸಿ. ಒಂದು ಉತ್ತರ ಭಾಗಲಬ್ಧ, ಇನ್ನೊಂದು ಅಲ್ಲ. ಆ ಇನ್ನೊಂದು ನಮ್ಮ ಒಟ್ಲಿನ ಕರ್ಣದ ಲೆಕ್ಕದಲ್ಲಿ ಆಗಲೇ ಸಿಕ್ಕಿತ್ತು.