ಹೋಪ್‌ಕಾಸ್ಟ್: ಆಸೆಗಣ್ಣಿನ ಹವಾಮಾನ

ಫೋರ್‌ಕಾಸ್ಟ್ ಅಂದರೆ ಮುನ್ಸೂಚನೆ. ಅದರ ತಲೆ ತೆಗೆದು ಆ ಜಾಗದಲ್ಲಿ ಹೋಪ್ ಕೂರಿಸಿದರೆ ಹೋಪ್‌ಕಾಸ್ಟ್. ಏನಾಗುತ್ತದೆ ಎಂದು ಹೇಳಬೇಕಾದವನು, ಏನಾಗಲಿ ಎಂದು ತಾನು ಹಂಬಲಿಸುತ್ತಿದ್ದಾನೋ ಅದನ್ನೇ ಆಗುತ್ತದೆ ಅಂತ ಹೇಳಿಬಿಡುವುದು. ಅಮೆರಿಕದಲ್ಲಿ ಇದಕ್ಕೆ ವಿಶ್‌ಕಾಸ್ಟ್ ಎಂಬ ಹೆಸರೇ ಹೆಚ್ಚು ಓಡುತ್ತದೆ. ಅಲ್ಲಿ ಚಂಡಮಾರುತವನ್ನು ತಮ್ಮೂರಿನ ಕಡೆಗೆ ತಿರುಗಿಸುವ ಉತ್ಸಾಹಿಗಳಿಗೂ ಅದೇ ಬೈಗುಳ. ಬ್ರಿಟನ್ನಿನ ಹವಾಮಾನ ಹುಚ್ಚರ ಬಾಯಲ್ಲಿ ಮಾತ್ರ ಈ ಪದ ಬಂತೆಂದರೆ ವಿಷಯ ಬಹುಮಟ್ಟಿಗೆ ಒಂದೇ: ಹಿಮ ಬೀಳುತ್ತಾ?

ಬೈಗುಳ ಅಂದೆನಲ್ಲ, ಅದು ಅರ್ಧ ಮಾತ್ರ ನಿಜ. ‘ಅದು ಬರೀ ಹೋಪ್‌ಕಾಸ್ಟ್ ಕಣಯ್ಯಾ’ ಎಂದು ಇನ್ನೊಬ್ಬರಿಗೆ ಹೇಳಿದರೆ ಚುಚ್ಚುಮಾತು. ‘ಇದು ನನ್ನ ಹೋಪ್‌ಕಾಸ್ಟೇ ಇರಬಹುದು, ಆದರೂ ಬರುವ ಗುರುವಾರ ನೋಡಿ’ ಎಂದು ತನಗೇ ಹೇಳಿಕೊಂಡರೆ ಅದೊಂದು ಮುಂಗಡ ಕ್ಷಮಾಪಣೆ. ಎರಡನೆಯ ಬಗೆಯೇ ನನಗೆ ಹೆಚ್ಚು ಇಷ್ಟ. ತಪ್ಪು ಅಂತ ಗೊತ್ತಿದ್ದೂ ಬಿಡಲಾಗದವನ ಮಾತು ಅದು.

ಈ ಪದದ ಅರ್ಧಭಾಗಕ್ಕೆ ಒಂದು ಹಳೆಯ ಕಥೆಯಿದೆ. ಹವಾಮಾನದ ವಿಷಯಕ್ಕೆ ಫೋರ್‌ಕಾಸ್ಟ್ ಎಂಬ ಮಾತನ್ನು ರೂಢಿಗೆ ತಂದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಕ್ಯಾಪ್ಟನ್ ಆಗಿದ್ದವರು. 1854ರಲ್ಲಿ ಶುರುವಾದ, ಇವತ್ತು ಮೆಟ್ ಆಫೀಸ್ ಆಗಿರುವ ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಅವರ ಮೊದಲ ದೈನಿಕ ಮುನ್ಸೂಚನೆ ಅಚ್ಚಾಯಿತು. ಆ ಕಾಲದಲ್ಲಿ ಹವೆಯ ಬಗ್ಗೆ ಮುಂದಾಗಿ ಹೇಳುವವರೆಂದರೆ ಪಂಚಾಂಗದವರು, ಚಂದ್ರನನ್ನು ನೋಡಿ ಹೇಳುವವರು. ತನ್ನದು ಆ ಜಾತಿಯ ಭವಿಷ್ಯವಾಣಿ ಆಗಬಾರದು, ಲೆಕ್ಕ ಹಾಕಿ ಹೇಳಿದ ಅಭಿಪ್ರಾಯ ಎಂದು ತಿಳಿಯಬೇಕು ಅಂತಲೇ ಫಿಟ್ಜ್‌ರಾಯ್ ಈ ಪದ ಆರಿಸಿಕೊಂಡದ್ದು. ಅಷ್ಟು ಕಷ್ಟಪಟ್ಟು ಅವರು ಹೊರಗೆ ಹಾಕಿದ ಆಸೆಯನ್ನು ನೂರೈವತ್ತು ವರ್ಷದ ಮೇಲೆ ಜನ ಅದೇ ಪದದ ಹೊಟ್ಟೆಯೊಳಗೆ ಮತ್ತೆ ತೂರಿಸಿದ್ದಾರೆ.

ಆದರೆ ಈ ಆಸೆ ಎಲ್ಲ ಊರಿನಲ್ಲೂ ಹುಟ್ಟುವುದಿಲ್ಲ. ಮಂಡ್ಯದಲ್ಲಿ ಕೂತು ಹಿಮಕ್ಕೆ ಕಾಯುವವರಿಲ್ಲ. ಮಾಸ್ಕೋದವರಿಗೆ ಕಾಯುವ ಅಗತ್ಯವೇ ಇಲ್ಲ. ಹೋಪ್‌ಕಾಸ್ಟ್ ಬೆಳೆಯುವುದು ಗಡಿಯಲ್ಲಿ, ಒಂದೆರಡು ಡಿಗ್ರಿಯಲ್ಲಿ ಎಲ್ಲವೂ ತಪ್ಪಿಹೋಗುವ ಜಾಗದಲ್ಲಿ. ಭೂಪಟದಲ್ಲಿ ಲಂಡನ್ ಸುಮಾರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ಕೆನಡಾದ ಲ್ಯಾಬ್ರಡಾರ್‌ನ ಗೂಸ್ ಬೇ ಸುಮಾರು 53 ಡಿಗ್ರಿಯಲ್ಲಿದೆ. ಎರಡಕ್ಕೂ ಅಂಥ ಅಂತರವೇನಿಲ್ಲ. ಆದರೆ ಜನವರಿಯಲ್ಲಿ ಗೂಸ್ ಬೇಯ ಸರಾಸರಿ ಉಷ್ಣತೆ ಮೈನಸ್ 15ಕ್ಕಿಂತ ಕೆಳಗೆ. ಲಂಡನ್ನಿನಲ್ಲಿ ಹಗಲು 8 ಡಿಗ್ರಿ, ರಾತ್ರಿ 2-3 ಡಿಗ್ರಿ. ಬೇಸಿಗೆಯಲ್ಲಿ ಸಾಗರ ಕೂಡಿಟ್ಟ ಶಾಖ, ದಕ್ಷಿಣದಿಂದ ಹರಿದುಬರುವ ಬೆಚ್ಚನೆಯ ಪ್ರವಾಹ, ಅದರ ಮೇಲೆ ಹಾದು ಬರುವ ಪಶ್ಚಿಮದ ಗಾಳಿ ಸೇರಿ ಆ ದ್ವೀಪಗಳಿಗೆ ಚಳಿಗಾಲದುದ್ದಕ್ಕೂ ಒಂದು ಒದ್ದೆ ಕಂಬಳಿ ಹೊದಿಸುತ್ತವೆ. ಇದೇ ಕಡಲ ಹವಾಗುಣ. ಅಲ್ಲಿನ ಡಿಸೆಂಬರ್ ಎಂದರೆ ಬೂದು ಬಾನು, ಜಿಟಿಜಿಟಿ ಮಳೆ, ಕೆಸರು.

ಹಿಮ ಬೇಕೆಂದರೆ ಈ ಪಶ್ಚಿಮದ ಗಾಳಿ ನಿಲ್ಲಬೇಕು. ಗ್ರೀನ್‌ಲ್ಯಾಂಡಿನ ಮೇಲೋ ಸ್ಕ್ಯಾಂಡಿನೇವಿಯಾದ ಮೇಲೋ ಅಧಿಕ ಒತ್ತಡದ ಗುಡ್ಡೆಯೊಂದು ಬಂದು ಕೂತು, ದಾರಿಗೆ ಅಡ್ಡ ಬಂಡೆ ಉರುಳಿಸಿದ ಹಾಗೆ, ಅಟ್ಲಾಂಟಿಕ್ ಗಾಳಿಯನ್ನು ತಡೆಯಬೇಕು. ಆಗ ಉತ್ತರ ಧ್ರುವದ ಕಡೆಯಿಂದಲೋ ರಷ್ಯಾದ ಕಡೆಯಿಂದಲೋ ಚಳಿ ನುಗ್ಗುತ್ತದೆ. ನುಗ್ಗಿದರೂ ಅದು ಸಮುದ್ರ ದಾಟಿಯೇ ಬರಬೇಕು, ದಾಟುವಾಗ ಕೆಳಗಿನಿಂದ ಬಿಸಿಯಾಗುತ್ತದೆ. ಒಂದೂವರೆ ಕಿಲೋಮೀಟರ್ ಮೇಲೆ ಮೈನಸ್ 5 ಡಿಗ್ರಿಯಾದರೂ ಇರಲಿ ಅಂತ ಹವ್ಯಾಸಿಗಳ ಒಂದು ಅಂದಾಜು ಸೂತ್ರವಿದೆ. ಅದೂ ಸಿಕ್ಕಿತು ಅನ್ನಿ. ನೆಲದ ಹತ್ತಿರದ ಗಾಳಿ ಕಡಲಿನ ಕಡೆಯಿಂದ ಸ್ವಲ್ಪ ತಿರುಗಿ ಬೀಸಿದರೆ ಸಾಕು, ಬೆಟ್ಟದ ಮೇಲಿನವರಿಗೆ ಹತ್ತು ಸೆಂಟಿಮೀಟರ್ ಹಿಮ, ಕೆಳಗಿನವರಿಗೆ ತಣ್ಣನೆ ಮಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಹವಾಮಾನದ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಕನ್ನಡದಲ್ಲಿ ಬರೆಯುವವನ ಕಷ್ಟವನ್ನೂ ಹೇಳಿಬಿಡುತ್ತೇನೆ. ನಮ್ಮ ಮಂಜು ಎಂಬ ಪದ ಮಡಿಕೇರಿಯ ಬೆಳಗಿಗೂ ಸರಿ, ಕಾಶ್ಮೀರದ ಬೆಟ್ಟಕ್ಕೂ ಸರಿ. ಹಿಮ ಅಂದರೆ ಸ್ವಲ್ಪ ಸ್ಪಷ್ಟ, ಆದರೆ ಪುಸ್ತಕದ ವಾಸನೆ. ಹೋಪ್‌ಕಾಸ್ಟ್ ಮಾಡುವವರಿಗೋ ಇಷ್ಟು ಸಾಲದು. ಮಳೆ ಬೆರೆತ ಹಿಮಕ್ಕೆ ಸ್ಲೀಟ್, ನೆಲಕ್ಕೆ ಬಿದ್ದು ಪುಟಿಯುವ ಮೆದು ಬಿಳಿ ಕಾಳಿಗೆ ಗ್ರಾಪೆಲ್. ಗ್ರಾಪೆಲ್ಲಿಗೆ ನಾನು ಸಾಬಕ್ಕಿ ಹಿಮ ಅನ್ನುತ್ತೇನೆ, ನೋಡಿದವರು ಒಪ್ಪುತ್ತಾರೆ. ಹೋಪ್‌ಕಾಸ್ಟಿಗೂ ಕನ್ನಡ ಬೇಕೆಂದರೆ ‘ಆಸೆಗಣ್ಣಿನ ಮುನ್ಸೂಚನೆ’ ನಡೆದೀತು. ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ ಹುಡುಗನ ನೋಟ ಅದರಲ್ಲಿದೆ.

ಇನ್ನು ಆ ಗಾಜಿನ ವಿಷಯ. ಮೊದಲು ಮುನ್ಸೂಚನೆ ಎಂದರೆ ರೇಡಿಯೋದವರೋ ಟಿವಿಯವರೋ ಹೇಳಿದಷ್ಟು. ಈಗ ಅಮೆರಿಕ ಸರ್ಕಾರದ ಜಿಎಫ್‌ಎಸ್ ಎಂಬ ಕಂಪ್ಯೂಟರ್ ಮಾದರಿಯ ನಕ್ಷೆಗಳು ಯಾರು ಬೇಕಾದರೂ ನೋಡುವಂತೆ ಬಿಟ್ಟಿ ಸಿಗುತ್ತವೆ. ದಿನಕ್ಕೆ 4 ಬಾರಿ, ಪ್ರತಿ ಸಲವೂ ಮುಂದಿನ 16 ದಿನಗಳ ತನಕ. ಹೋಪ್‌ಕಾಸ್ಟ್ ಎಂಬ ರೋಗದ ಸೊಳ್ಳೆ ಇದೇ. ಗ್ರೀನಿಚ್ ಸಮಯ ಸಂಜೆ 6ರ ಮಾಹಿತಿಯಿಂದ ಹೊರಡುವ ಲೆಕ್ಕ ಬ್ರಿಟನ್ನಿನ ಪರದೆಗಳ ಮೇಲೆ ಇಳಿಯುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಜನ ಪಬ್ಬಿನಲ್ಲಿರುವ ಹೊತ್ತಿಗೆ. ಅದಕ್ಕೆ ಅವರಿಟ್ಟ ಹೆಸರು ‘ಪಬ್ ರನ್’. ಆ ಹೊತ್ತಿನ ನಕ್ಷೆಗಳೂ ಎರಡು ಗ್ಲಾಸು ಹಾಕಿದವರ ಹಾಗೆ ವಿಪರೀತ ಉದಾರಿಗಳು ಎಂಬುದು ತಮಾಷೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತು ಇಳಿದಿರುತ್ತದೆ. ರಷ್ಯಾದ ಚಳಿ ಪೋಲೆಂಡಿನಲ್ಲೇ ನಿಂತಿರುತ್ತದೆ.

ಐದಾರು ದಿನಗಳಾಚೆಗಿನ ನಕ್ಷೆಗೂ ಒಂದು ಹೆಸರಿದೆ: ಎಫ್‌ಐ, ಅಂದರೆ ಫ್ಯಾಂಟಸಿ ಐಲ್ಯಾಂಡ್, ಕನಸಿನ ದ್ವೀಪ. ಗಾಳಿಯ ಈಗಿನ ಸ್ಥಿತಿಯನ್ನು ಅಳೆಯುವುದರಲ್ಲಿ ಕೂದಲೆಳೆಯ ತಪ್ಪಾದರೂ ಅದು ದಿನದಿಂದ ದಿನಕ್ಕೆ ಹಿಗ್ಗಿ ಎರಡು ವಾರದ ಹೊತ್ತಿಗೆ ಪೂರಾ ನಕ್ಷೆಯನ್ನೇ ನುಂಗುತ್ತದೆ. 1960ರ ದಶಕದಲ್ಲಿ ಎಡ್ವರ್ಡ್ ಲೊರೆಂಜ್ ತೋರಿಸಿಕೊಟ್ಟ ಮಿತಿ ಇದು. ಅದಕ್ಕಾಗಿಯೇ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೇಂದ್ರ ಕಚೇರಿಯಿರುವ ಯುರೋಪಿಯನ್ ಮುನ್ಸೂಚನಾ ಕೇಂದ್ರ ಒಂದೇ ಲೆಕ್ಕವನ್ನು ಚೂರುಚೂರು ಬದಲಿಸಿ ಐವತ್ತು ಸಲ ಮಾಡಿ ನೋಡುತ್ತದೆ. ಐವತ್ತರಲ್ಲಿ ನಲವತ್ತೇಳು ಮಳೆ ಎನ್ನುತ್ತವೆ, ಮೂರು ಹಿಮ ಎನ್ನುತ್ತವೆ ಅಂದುಕೊಳ್ಳಿ. ವಿಜ್ಞಾನಿ ನಲವತ್ತೇಳನ್ನು ಓದುತ್ತಾನೆ. ಹೋಪ್‌ಕಾಸ್ಟರ್ ಸುಳ್ಳು ಹೇಳುವುದಿಲ್ಲ, ಹೊಸದಾಗಿ ಏನನ್ನೂ ಕಟ್ಟುವುದೂ ಇಲ್ಲ. ಮೂರನ್ನು ಓದುತ್ತಾನೆ, ಅಷ್ಟೆ. ಆ ಮೂರೂ ನಿಜವಾದ ಲೆಕ್ಕಗಳೇ. ಈ ಪದವನ್ನು ಬರೀ ಪೆದ್ದುತನ ಎಂದು ತಳ್ಳಿಹಾಕಲಾಗದ್ದು ಇದರಿಂದ.

ಆ ಹಿಮವೋ ಯಾವಾಗಲೂ ಹತ್ತು ದಿನ ದೂರ. ಹತ್ತು ದಿನ ಕಳೆದು ನೋಡಿದರೆ ಮತ್ತೆ ಹತ್ತು ದಿನ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ದೆವ್ವ ಬಂದು ಓದಿಕೊಂಡು ಹಿಂದಿರುಗಲಿ ಅಂತ? ಬ್ರಿಟನ್ನಿನ ಬಾಗಿಲ ಮೇಲೂ ಅಟ್ಲಾಂಟಿಕ್ ಅದನ್ನೇ ಬರೆದಿದೆ. ಹಿಮ ಓದಿಕೊಂಡು ಹೋಗುತ್ತದೆ. ವ್ಯತ್ಯಾಸವಿಷ್ಟೇ, ಮನೆಯೊಳಗಿನವರು ದೆವ್ವ ಬರಲಿ ಎಂದು ಕಿಟಕಿಯಲ್ಲಿ ಕಾದಿದ್ದಾರೆ.

ಕಾಯುವವರಿಗೆ ನೆನಪುಗಳೂ ಇವೆ, ಕೇಳಿ ಬಂದವು ಕೆಲವು, ಕಂಡವು ಕೆಲವು. ಮಧ್ಯ ಇಂಗ್ಲೆಂಡಿನ ಉಷ್ಣತೆಯ ದಾಖಲೆ 1659ರಿಂದ ಇದೆ. ಉಪಕರಣದಿಂದ ಅಳೆದ ಇಷ್ಟು ಉದ್ದದ ದಾಖಲೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಾರ್ಡನ್ ಮ್ಯಾನ್ಲಿ ಎಂಬ ಹವಾಮಾನ ತಜ್ಞರು ಹಳೆಯ ದಿನಚರಿಗಳನ್ನೆಲ್ಲ ಜಾಲಾಡಿ ಕಟ್ಟಿದ್ದು. ಹಿಮಪ್ರಿಯರಿಗೆ ಅದು ವಂಶಾವಳಿ ಇದ್ದ ಹಾಗೆ. 1947ರಲ್ಲಿ ಜನವರಿ 22ರಿಂದ ಮಾರ್ಚ್ 17ರ ತನಕ ದೇಶದ ಒಂದಲ್ಲ ಒಂದು ಕಡೆ ದಿನವೂ ಹಿಮ ಬಿತ್ತು. 1963ರ ಜನವರಿಯ ಸರಾಸರಿಯೇ ಸೊನ್ನೆಗಿಂತ 2 ಡಿಗ್ರಿ ಕೆಳಗಿತ್ತು. ಆ ವರ್ಷ ಫುಟ್‌ಬಾಲ್ ಪಂದ್ಯಗಳು ಎಷ್ಟು ರದ್ದಾದವೆಂದರೆ, ಬಾಜಿ ಕಟ್ಟಿದವರ ಸಲುವಾಗಿ, ಆಡದ ಪಂದ್ಯಗಳ ಫಲಿತಾಂಶ ಏನಾಗುತ್ತಿತ್ತು ಎಂದು ಊಹಿಸಿ ಹೇಳಲು ಒಂದು ಸಮಿತಿಯನ್ನೇ ಕೂರಿಸಿದರು! ಅದಕ್ಕೂ ಹಿಂದೆ, 1814ರಲ್ಲಿ, ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನಡೆದಿತ್ತು. ಮಂಜುಗಡ್ಡೆಯ ಮೇಲೆ ಆನೆಯನ್ನೂ ನಡೆಸಿದರಂತೆ. ಅಂಥ ಜಾತ್ರೆ ಅದೇ ಕೊನೆ. ನೀರನ್ನು ಅಣೆಕಟ್ಟಿನಂತೆ ತಡೆಯುತ್ತಿದ್ದ ಹಳೆಯ ಲಂಡನ್ ಬ್ರಿಡ್ಜನ್ನು 1831-32ರಲ್ಲಿ ಕೆಡವಿದರು. ಆಮೇಲೆ ದಡ ಕಟ್ಟಿ ನದಿಯನ್ನು ಕಿರಿದುಮಾಡಿದರು, ಹರಿವು ಚುರುಕಾಯಿತು. ಆ ದಡಗಳಲ್ಲೊಂದಾದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ನಮ್ಮ ಬಸವಣ್ಣನ ಪ್ರತಿಮೆಯಿದೆ. ಅವನ ಎದುರು ಹರಿಯುವ ಥೇಮ್ಸ್ ಇನ್ನು ಹಾಗೆ ಹೆಪ್ಪುಗಟ್ಟುವುದು ಬಹುಮಟ್ಟಿಗೆ ಸುಳ್ಳು.

ಈ ಕಾಲದವರ ದೊಡ್ಡ ನೆನಪು 2018. ಧ್ರುವದ ಮೇಲೆ, ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಚಳಿಗಾಲವಿಡೀ ಪಶ್ಚಿಮದಿಂದ ಪೂರ್ವಕ್ಕೆ ಗಿರಗಿರ ಸುತ್ತುವ ಗಾಳಿಯ ಬುಗುರಿಯಿದೆ. ಕೆಲವು ವರ್ಷ ಅದು ತಟ್ಟನೆ ಕುಸಿಯುತ್ತದೆ. ಅಲ್ಲಿನ ಉಷ್ಣತೆ ಕೆಲವೇ ದಿನಗಳಲ್ಲಿ ಇದ್ದದ್ದಕ್ಕಿಂತ 50 ಡಿಗ್ರಿಯಷ್ಟು ಏರಬಹುದು. 1952ರಲ್ಲಿ ಬರ್ಲಿನ್ನಿನಲ್ಲಿ ರಿಚರ್ಡ್ ಷೆರ್‌ಹಾಗ್ ಇದನ್ನು ಮೊದಲು ಕಂಡರು. 2018ರ ಫೆಬ್ರವರಿ ನಡುವೆ ಹಾಗೆ ಕುಸಿಯಿತು, ಎರಡು ವಾರದೊಳಗೆ ರಷ್ಯಾದ ಗಾಳಿ ಬ್ರಿಟನ್ನಿಗೆ ನುಗ್ಗಿತು. ಪತ್ರಿಕೆಗಳು ಅದನ್ನು ‘ಪೂರ್ವದಿಂದ ಬಂದ ಮೃಗ’ ಎಂದು ಕರೆದವು. ಮೆಟ್ ಆಫೀಸ್ ಕೆಂಪು ಎಚ್ಚರಿಕೆ ಕೊಟ್ಟಿತು, ಹೆದ್ದಾರಿಗಳಲ್ಲಿ ಜನ ರಾತ್ರಿಯಿಡೀ ಸಿಕ್ಕಿಬಿದ್ದರು. ಹೋಪ್‌ಕಾಸ್ಟರ್‌ಗಳ ಪಾಲಿಗೆ ಅದು ದೇವರು ಪ್ರತ್ಯಕ್ಷವಾದ ಗಳಿಗೆ.

ಮರುವರ್ಷ, 2019ರ ಜನವರಿ ಮೊದಲ ದಿನಗಳಲ್ಲಿ, ಬುಗುರಿ ಮತ್ತೆ ಕುಸಿಯಿತು. ಇನ್ನೇನು ಬಂತು ಎಂದು ಎಲ್ಲರೂ ಸಜ್ಜಾದರು. ತಿಂಗಳ ಕೊನೆಗೆ ಅಲ್ಲಲ್ಲಿ ಸ್ವಲ್ಪ ಹಿಮ ಬಿದ್ದದ್ದು ಬಿಟ್ಟರೆ ಮೃಗ ಬರಲೇ ಇಲ್ಲ. ಫೆಬ್ರವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ 21.2 ಡಿಗ್ರಿ ದಾಖಲಾಯಿತು. ಚಳಿಗಾಲದ ತಿಂಗಳಲ್ಲಿ ಬ್ರಿಟನ್ 20 ಡಿಗ್ರಿ ದಾಟಿದ್ದು ಆ ವಾರವೇ ಮೊದಲು. ಒಂದೇ ಕಾರಣ, ಎರಡು ವರ್ಷ, ಎರಡು ತುದಿ.

ಸರ್ಕಾರಿ ಇಲಾಖೆಯೂ ಜನರ ಈ ಆಸೆಗೆ ಸ್ವಲ್ಪ ಕರಗಿದೆಯೇನೋ ಎಂದು ನನಗೆ ಅನ್ನಿಸುವುದುಂಟು. ಬಾಜಿ ಕಟ್ಟುವವರೂ ಕೇಳುತ್ತಾರೆಂದು ಮೆಟ್ ಆಫೀಸ್ ‘ವೈಟ್ ಕ್ರಿಸ್‌ಮಸ್’ಗೆ ಒಂದು ವ್ಯಾಖ್ಯೆ ಇಟ್ಟುಕೊಂಡಿದೆ: ಡಿಸೆಂಬರ್ 25ರ 24 ಗಂಟೆಗಳೊಳಗೆ ಬ್ರಿಟನ್ನಿನಲ್ಲಿ ಎಲ್ಲಾದರೂ ಒಂದು ಹಿಮದ ಹಳುಕು ಬೀಳುವುದು ಕಂಡರೆ ಸಾಕು. ಒಂದೇ ಒಂದು! ದೇಶದ ಉತ್ತರ ತುದಿಯ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಬಿದ್ದ ಆ ಹಳುಕಿನಿಂದ ಲಂಡನ್ನಿನ ಕ್ರಿಸ್‌ಮಸ್ ಬೆಳ್ಳಗಾಗುವುದಿಲ್ಲ, ಲೆಕ್ಕದ ಪುಸ್ತಕ ಮಾತ್ರ ಬೆಳ್ಳಗಾಗುತ್ತದೆ. ನಿಜವಾದ ಬಿಳಿ ಹಬ್ಬ ಅಂದರೆ 2010ರದು. ಆ ದಿನ 83 ಶೇಕಡಾ ವೀಕ್ಷಣಾ ಕೇಂದ್ರಗಳಲ್ಲಿ ನೆಲದ ಮೇಲೆ ಹಿಮವಿತ್ತು.

ಈ ಹಂಬಲಕ್ಕೆ ಎದುರು ಪಕ್ಷವೂ ಇದೆ. ಚಳಿ ಬಯಸುವವರು ‘ಕೋಲ್ಡೀ’ಗಳಾದರೆ ಬೆಚ್ಚಗಿದ್ದರೆ ಸಾಕು ಅನ್ನುವವರು ‘ಮೈಲ್ಡೀ’ಗಳು. ಹಿಮ ಬಂದರೆ ವಯಸ್ಸಾದವರು ಜಾರಿ ಬೀಳುತ್ತಾರೆ, ಹೀಟಿಂಗ್ ಬಿಲ್ಲು ಏರುತ್ತದೆ, ರೈಲು ನಿಲ್ಲುತ್ತದೆ, ನಿಮಗೇನು ಖುಷಿ ಎಂಬ ಮೈಲ್ಡೀಗಳ ಮಾತು ಸರಿಯಾಗಿಯೇ ಇದೆ. ಕೋಲ್ಡೀಗಳ ಬಳಿ ಇದಕ್ಕೆ ಉತ್ತರವಿಲ್ಲ, ನಾಚಿಕೆಯಿದೆ, ಆಸೆಯೂ ಇದೆ. ಅದರ ಮೇಲೆ ಭೂಮಿ ಬಿಸಿಯಾಗುತ್ತಿದೆ; ಒಂದೆರಡು ಡಿಗ್ರಿಯ ಅಂಚಿನಲ್ಲಿ ನಿಂತವರಿಗೆ ಒಂದು ಡಿಗ್ರಿ ಅಂದರೆ ದೊಡ್ಡದು. 2015ರ ಡಿಸೆಂಬರ್ ಬ್ರಿಟನ್ನಿನಲ್ಲಿ ವಸಂತದಷ್ಟು ಬೆಚ್ಚಗಿತ್ತು. ಗಡಿ ಉತ್ತರಕ್ಕೂ ಬೆಟ್ಟದ ಮೇಲಕ್ಕೂ ಸರಿಯುತ್ತಿದೆ, ಹೋಪ್‌ಕಾಸ್ಟ್ ಮಾತ್ರ ಇದ್ದಲ್ಲೇ ಇದೆ.

ನಕ್ಷೆಗಳೆಲ್ಲ ಮುಗಿದ ಮೇಲೆ, ಇವತ್ತು ರಾತ್ರಿಯೇ ಬರಬಹುದು ಎಂಬ ಹೊತ್ತಿಗೆ, ಉಳಿಯುವುದು ಬೀದಿದೀಪ. ‘ಲ್ಯಾಂಪ್‌ಪೋಸ್ಟ್ ನೋಡುವುದು’ ಎಂದೇ ಅದಕ್ಕೂ ಹೆಸರು. ಕೋಣೆಯ ದೀಪ ಆರಿಸಿ, ಪರದೆ ಸರಿಸಿ, ಎದುರಿನ ಕಂಬದ ಬೆಳಕಿನ ಗೂಡಿನಲ್ಲಿ ಏನು ಇಳಿಯುತ್ತಿದೆ ಎಂದು ನೋಡುತ್ತಾರೆ. ಗೆರೆ ಎಳೆದಂತೆ ನೆಟ್ಟಗೆ ಬಿದ್ದರೆ ಮಳೆ. ಸ್ವಲ್ಪ ತಡೆದು, ಓಲಾಡಿ, ಒಂದು ಕ್ಷಣ ಮೇಲಕ್ಕೂ ಎದ್ದು ಬಿದ್ದರೆ ಹಿಮ. ನೆಟ್ಟಗೇ ಬೀಳುತ್ತಿರುತ್ತದೆ, ಆದರೆ ಗಂಟೆ ಇನ್ನೂ ಒಂದೂವರೆ ಅಷ್ಟೇ, ಬೆಳಗಿನ ಜಾವಕ್ಕೆ ಇನ್ನೊಂದು ಡಿಗ್ರಿ ಇಳಿಯಬಹುದು ಅಂತ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ.