ಜೋಮು ಹಿಡಿದದ್ದು ಯಾವ ಬೆರಳು?

ಕಾಲ ಮೇಲೆ ಕಾಲು ಹಾಕಿ ಕೂತು ಪಾದ ಜೋಮು ಹಿಡಿದರೆ ‘ರಕ್ತ ಓಡಾಡಲಿಲ್ಲ’ ಅನ್ನುವುದು ರೂಢಿ. ಪಾದಕ್ಕೆ ರಕ್ತ ಬರುತ್ತಲೇ ಇರುತ್ತದೆ. ಒತ್ತಿಹೋಗುವುದು ಮಂಡಿಯ ಹೊರಬದಿಯಲ್ಲಿ, ಚರ್ಮಕ್ಕೂ ಮೂಳೆಗೂ ನಡುವೆ ಹಾದುಹೋಗುವ ನರ ಮತ್ತು ಆ ನರಕ್ಕೇ ರಕ್ತ ಉಣಿಸುವ ಸೂಕ್ಷ್ಮ ನಾಳಗಳು.

ನರತಂತುವಿನ ಒಳಭಾಗ ವಿಶ್ರಾಂತಿಯಲ್ಲಿ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ. ಪೊರೆಯಲ್ಲಿರುವ ಪಂಪ್ ಪ್ರತಿ ಸಲ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಶಿಯಂ ಒಳಗೆಳೆದು ಈ ವ್ಯತ್ಯಾಸ ಕಾಯುತ್ತದೆ. ಆಮ್ಲಜನಕ ಸಿಗದಿದ್ದರೆ ಪಂಪ್ ಸೋಲುತ್ತದೆ, ಸಂಕೇತ ನಿಲ್ಲುತ್ತದೆ. ಮೊದಲು ಕೈಕೊಡುವುದು ಸ್ಪರ್ಶ ಒಯ್ಯುವ, ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ದಪ್ಪ ತಂತುಗಳು. ಅವುಗಳ ವೇಗ ಸೆಕೆಂಡಿಗೆ 35ರಿಂದ 75 ಮೀಟರ್. ಹೊದಿಕೆಯಿಲ್ಲದ ಸಣ್ಣ ತಂತುಗಳ ವೇಗ 2 ಮೀಟರ್ ದಾಟದು, ಆದರೆ ಕೊನೆಯವರೆಗೂ ತಾಳುವುದು ಅವೇ. ಹಾಗಾಗಿ ಮುಟ್ಟಿದರೆ ತಿಳಿಯದ ಪಾದವನ್ನು ಚಿವುಟಿದರೆ ತುಸು ತಡವಾಗಿ ಉರಿ ಹತ್ತುತ್ತದೆ. ಒತ್ತಡ ಬಿಟ್ಟೊಡನೆ ಇನ್ನೂ ಸ್ಥಿಮಿತಕ್ಕೆ ಬಾರದ ತಂತುಗಳು ತಾವಾಗಿಯೇ ಸಂಕೇತ ಸಿಡಿಸುತ್ತವೆ. ಚುಮುಚುಮು ಅನ್ನುವುದು ಅದೇ. ಆಗ ಎದ್ದು ನಡೆಯಬೇಡಿ. ಪಾದ ಯಾವ ಭಂಗಿಯಲ್ಲಿದೆ ಎಂದು ತಿಳಿಸುವುದೂ ದಪ್ಪ ತಂತುಗಳೇ, ಹಾಗಾಗಿ ಪಾದದ ಕೀಲು ತಿರುಚಿ ಉಳುಕಬಹುದು.

ಪದೇಪದೇ ಬರುವ ಜೋಮಿನಲ್ಲಿ ಜಾಗವೇ ಅರ್ಧ ರೋಗನಿರ್ಣಯ. ‘ಇಡೀ ಕೈ’ ಅನ್ನುವವರೂ ರಾತ್ರಿ ಎಚ್ಚರವಾದಾಗ ಒಂದೊಂದೇ ಬೆರಳು ಮುಟ್ಟಿ ನೋಡಿಕೊಂಡರೆ ಉತ್ತರ ಬದಲಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಎಂದಾದರೆ ಮಣಿಕಟ್ಟಿನಲ್ಲಿ ನರ ಒತ್ತಿದೆ. ರಾತ್ರಿ ಮಣಿಕಟ್ಟು ನೇರ ನಿಲ್ಲುವಂತೆ ಸ್ಪ್ಲಿಂಟ್ (ಆಸರೆ ಪಟ್ಟಿ) ಕಟ್ಟುವುದು ಮೊದಲ ಚಿಕಿತ್ಸೆ; ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬಾರದು. ಕಿರುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧವಾದರೆ ಹೆಚ್ಚಾಗಿ ಮೊಣಕೈ. ಫೋನ್ ಹಿಡಿದು ಮೊಣಕೈ ಮಡಚಿಟ್ಟುಕೊಳ್ಳುವುದು ಬಿಟ್ಟರೆ ಎಷ್ಟೋ ಜನಕ್ಕೆ ಅಷ್ಟೇ ಸಾಕು.

ಎರಡೂ ಪಾದಗಳ ಬೆರಳಿಂದ ಶುರುವಾಗಿ ಮೇಲೇರುವುದು ಬೇರೆಯೇ ಕಥೆ. ಸೊಂಟದಿಂದ ಪಾದದವರೆಗಿನ ತಂತು ಸುಮಾರು 1 ಮೀಟರ್ ಉದ್ದ. ಅದಕ್ಕೆ ಬೇಕಾದ ಪ್ರೋಟೀನ್ ತಯಾರಾಗುವುದು ಮಾತ್ರ ಬೆನ್ನುಮೂಳೆಯ ಬಳಿಯ ಜೀವಕೋಶದಲ್ಲಿ. ಪೂರೈಕೆ ಕುಂಟಿದರೆ ತುದಿಯೇ ಮೊದಲು ಸೊರಗುತ್ತದೆ. ಸಕ್ಕರೆ ಕಾಯಿಲೆ, ಮದ್ಯ, ಬಿ12 ಕೊರತೆ ಸಾಮಾನ್ಯ ಕಾರಣಗಳು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು, ಪರೀಕ್ಷಿಸಿಕೊಳ್ಳಿ. ‘ನರದ ಮಾತ್ರೆ’ ಎಂದು ತಾವೇ ಕೊಂಡು ನುಂಗುವವರು ಲೇಬಲ್ಲಿನಲ್ಲಿ ಬಿ6 ಎಷ್ಟಿದೆ ನೋಡಬೇಕು. ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಅದೇ ನರವನ್ನು ಕೆಡಿಸುತ್ತದೆ. ಇನ್ನು ನರದಲ್ಲಿ ಸಂಕೇತ ಓಡುವ ಬಗೆ ನೋಡುವ ನರವಾಹಕತೆಯ ಪರೀಕ್ಷೆ ಅಳೆಯುವುದು ದಪ್ಪ ತಂತುಗಳನ್ನಷ್ಟೇ. ವರದಿ ನಾರ್ಮಲ್ ಎಂದ ಮಾತ್ರಕ್ಕೆ ಸಣ್ಣ ತಂತುಗಳು ಒಯ್ಯುವ ಪಾದದ ಉರಿ ಸುಳ್ಳಾಗುವುದಿಲ್ಲ.

ಮುಖ, ಕೈ, ಕಾಲು ಒಂದೇ ಪಕ್ಕ ಏಕಾಏಕಿ ಮರಗಟ್ಟಿದರೆ ತಿಕ್ಕುತ್ತ ಕೂರಬೇಡಿ. ಅದು ಮಿದುಳಿನ ರಕ್ತನಾಳ ಕಟ್ಟಿದ ಪಾರ್ಶ್ವವಾಯು ಇರಬಹುದು, ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಕಾಲಿನ ಜೋಮಿನೊಂದಿಗೆ ಗುದ, ಜನನಾಂಗದ ಸುತ್ತ ಸ್ಪರ್ಶ ಹೋಗಿ ಮೂತ್ರ ಕಟ್ಟಿದರೂ ಅಷ್ಟೇ ಅವಸರ: ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಿರಬಹುದು, ಎಂಆರ್‌ಐ ಅಂದೇ ಆಗಬೇಕು.