ಸರಾಸರಿ ತೆಗೆಯುವ ಮೊದಲು ಡೇಟಾ ಯಾವ ಜಾತಿಯದ್ದು ನೋಡಿ

ಬೆಳಗಾವಿ ಗಾಡಿಗಳ ನಂಬರ್ ಕೆಎ 22. ವಿಜಯಪುರದ್ದು ಕೆಎ 28. ಎರಡರ ಸರಾಸರಿ 25, ಅಂದರೆ ಧಾರವಾಡ! ಲೆಕ್ಕ ಸರಿ, ಅರ್ಥ ಮಾತ್ರ ಇಲ್ಲ. ಆ ಅಂಕಿಗಳು ಬರೀ ಹೆಸರುಗಳು. ಸರ್ವೆಯಲ್ಲಿ ಬಾದಾಮಿಗೆ 1, ಹುನಗುಂದಕ್ಕೆ 2, ಮುಧೋಳಕ್ಕೆ 3 ಅಂತ ಕೋಡ್ ಹಾಕಿದರೂ ಅಷ್ಟೇ. ಎಕ್ಸೆಲ್‌ ಕೇಳಿದ ತಕ್ಷಣ 2.3 ಅಂತ ಸುಮ್ನೆ ಕೊಟ್ಟುಬಿಡುತ್ತದೆ. ಅಂಥ ತಾಲ್ಲೂಕು ಎಲ್ಲಿದೆ? ಇಂಥ ಬರೀ ಹೆಸರಿನ, ಅಂದರೆ ನಾಮಿನಲ್, ಡೇಟಾಕ್ಕೆ ಎಣಿಕೆ, ಶೇಕಡಾ, ಬಹುಲಕ (ಅತಿ ಹೆಚ್ಚು ಸಲ ಬಂದದ್ದು) ಸಾಕು. ಇಳಕಲ್ ಸೀರೆ ಮಾರುವವರಿಗೂ ಬೇಕಾಗಿರುವುದು ಯಾವ ಬಣ್ಣ ಜಾಸ್ತಿ ಹೋಗುತ್ತದೆ ಅನ್ನುವುದೇ ಅಲ್ವಾ?

‘ತೃಪ್ತಿ ಇಲ್ಲ, ಪರವಾಗಿಲ್ಲ, ತೃಪ್ತಿ ಇದೆ’ ಎಂಬ ಉತ್ತರಗಳಿಗೆ ಕ್ರಮ ಇದೆ, ಆದರೆ ನಡುವಿನ ಅಂತರ ಒಂದೇ ಅಂತ ಹೇಳಲಾಗದು. ಇದು ಆರ್ಡಿನಲ್. ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ಕೊಡಿ, ಜೊತೆಗೆ ಶೇಕಡಾ ಪಟ್ಟಿ ಇರಲಿ. ಇಂಥ ಉತ್ತರಗಳಿಗೆ 1, 2, 3 ಅಂತ ಅಂಕ ಕೊಟ್ಟು ಸರಾಸರಿ ತೆಗೆಯಬಹುದೇ ಅನ್ನುವ ವಾದವೂ ಇದೆ. ಹಲವು ಪ್ರಶ್ನೆಗಳ ಅಂಕ ಕೂಡಿಸಿದ ಸ್ಕೋರ್‌ಗೆ ಸರಾಸರಿಯನ್ನು ನಾನು ಒಪ್ಪುತ್ತೇನೆ, ಒಂದೇ ಪ್ರಶ್ನೆಗೆ ಒಪ್ಪುವುದಿಲ್ಲ.

ನಿಜವಾದ ಅಳತೆ ಸಿಕ್ಕಾಗಲೂ ಅವಸರ ಬೇಡ. ಜಮಖಂಡಿ ಕಡೆಯ ಏಳು ಕಬ್ಬು ಬೆಳೆಗಾರರ ಹೊಲ ಹೀಗಿದೆ ಅಂದುಕೊಳ್ಳಿ: 2, 2, 3, 3, 4, 5, 51 ಎಕರೆ. ಒಟ್ಟು 70, ಸರಾಸರಿ 10. ಆದರೆ ಏಳರಲ್ಲಿ ಆರು ಜನರಿಗೆ ಅದರ ಅರ್ಧಕ್ಕಿಂತ ಜಾಸ್ತಿ ಹೊಲವೇ ಇಲ್ಲ. ಮಧ್ಯಾಂಕ 3 ಎಕರೆ, ಅದೇ ಊರಿನ ನಿಜವಾದ ಚಿತ್ರ. ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅನ್ನುವ ಅಳತೆ) ಸುಮಾರು 18 ಬರುತ್ತದೆ. ಸರಾಸರಿಯಿಂದ ಅದನ್ನು ಕಳೆದರೆ ಮೈನಸ್ 8 ಎಕರೆ! ಸೊನ್ನೆಗಿಂತ ಕೆಳಗೆ ಹೋಗಲಾರದ ಅಳತೆಯಲ್ಲಿ ಹೀಗೆ ಮೈನಸ್ ಬಂದರೆ, ಡೇಟಾ ಒಂದು ಕಡೆಗೆ ವಾಲಿದೆ ಅಂತ ತಿಳಿಯಿರಿ. ಆಗ ಹರಡುವಿಕೆಗೆ ಚತುರ್ಥಕಗಳನ್ನು (ಸಾಲಿನ ಕಾಲು ಮತ್ತು ಮುಕ್ಕಾಲು ಭಾಗದಲ್ಲಿ ಬರುವ ಅಂಕಿಗಳನ್ನು) ಬರೆಯಿರಿ: ಇಲ್ಲಿ 2ರಿಂದ 5. ಹಾಗಂತ 51 ಎಕರೆಯವರನ್ನು ಪಟ್ಟಿಯಿಂದ ತೆಗೆಯಬೇಡಿ, ಅವರೂ ಬೆಳೆಗಾರರೇ. ತಾಲ್ಲೂಕಿನ ಒಟ್ಟು ಹೊಲ ಅಂದಾಜು ಮಾಡುವಾಗ ಸರಾಸರಿಯೇ ಬೇಕು, ಅದನ್ನು ಜನರ ಸಂಖ್ಯೆಯಿಂದ ಗುಣಿಸಬಹುದು. ಮಧ್ಯಾಂಕದಿಂದ ಆ ಕೆಲಸ ಆಗದು. ಹಿಸ್ಟೋಗ್ರಾಮ್ (ಯಾವ ಅಳತೆ ಎಷ್ಟು ಸಲ ಬಂದಿದೆ ಅಂತ ತೋರಿಸುವ ಕಂಬಗಳ ಚಿತ್ರ) ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದರೆ ಸರಾಸರಿ, ಮಾನಕ ವಿಚಲನೆ ಧಾರಾಳವಾಗಿ ಬಳಸಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಡಿದ ವಿಂಗಡಣೆಯಲ್ಲಿ ಅಳತೆಗೂ ಎರಡು ಬಗೆ: ಸೊನ್ನೆ ಬರೀ ಒಂದು ಗುರುತಾಗಿರುವ ಇಂಟರ್ವಲ್, ಸೊನ್ನೆ ಅಂದರೆ ಏನೂ ಇಲ್ಲ ಅನ್ನುವ ರೇಷಿಯೋ. ವಿಜಯಪುರದ ಬೇಸಿಗೆಯ 40 ಡಿಗ್ರಿ ಸೆಲ್ಸಿಯಸ್, ಚಳಿಗಾಲದ 20ರ ಎರಡು ಪಟ್ಟು ಬಿಸಿ ಅಲ್ಲ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ, ಅಷ್ಟೇ. ಮಳೆಯ ಸೊನ್ನೆ ಮಿಲಿಮೀಟರ್ ಅಂದರೆ ಮಳೆಯೇ ಇಲ್ಲ, ಹಾಗಾಗಿ ‘ಎರಡು ಪಟ್ಟು ಮಳೆ’ ಸರಿ. ಎರಡಕ್ಕೂ ಸರಾಸರಿ ತೆಗೆಯಬಹುದು. ಆದರೆ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸುವ ‘ಕೋಎಫಿಷಿಯೆಂಟ್ ಆಫ್ ವೇರಿಯೇಷನ್’ ಮಳೆಗೆ ಮಾತ್ರ ಹಾಕಿ, ಸೆಲ್ಸಿಯಸ್‌ಗೆ ಬೇಡ.